ಎಮ್ಮೆ ತಿಂದ ಹಿಟ್ಟು

ತಗಡಿನ ಗೋಡೆಗೆ ತಲೆ ಬಡಿದರೆ ಎಂಥ ಸದ್ದು ಬರುತ್ತದೆ ಎಂಬುದು ಪುಣೆಯ ಕೊಂಢವಾಕ್ಕೆ ಹೋಗುವ ತನಕ ನನಗೆ ಗೊತ್ತಿರಲಿಲ್ಲ. ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದ ಹಾಗೆ, ಅಷ್ಟೇ. ನಾವು ಮಕ್ಕಳ ತೂಕ ನೋಡಲು ಹೋಗಿದ್ದೆವು. ಏಳುತ್ತಿದ್ದ ದೊಡ್ಡ ಕಟ್ಟಡವೊಂದರ ಹಿಂದೆ ಕೂಲಿಯವರು ಹಾಕಿಕೊಂಡ ತಗಡಿನ ಜೋಪಡಿಗಳ ಸಾಲಿತ್ತು. ಅದರಲ್ಲೊಂದು ಜೋಪಡಿಯಿಂದ ಆ ಸದ್ದು ಬಂತು. ಸ್ವಲ್ಪ ತಡೆದು ಮತ್ತೆ ಬಂತು. ಬಾಗಿಲಿಗೆ ಇಳಿಬಿಟ್ಟ ಗೋಣಿ ಸರಿಸಿ ನೋಡಿದರೆ, ಗಂಡಸೊಬ್ಬ ಹೆಂಡತಿಯ ತುರುಬು ಹಿಡಿದು ಅವಳ ಹಣೆಯನ್ನು ಗೋಡೆಗೆ ಜಜ್ಜುತ್ತಿದ್ದ. ಅವಳ ಮುಷ್ಟಿಯಲ್ಲಿ ಹರಿದ ಪೊಟ್ಟಣವಿತ್ತು. ಮಕ್ಕಳಿಗೆಂದು ನಮ್ಮ ಸಂಸ್ಥೆಯೇ ಹಂಚಿದ ಪೊಟ್ಟಣ. ಅದರೊಳಗಿನ ಸಿಹಿ ಹಿಟ್ಟು ಅವಳ ಕೂದಲಿಗೆ, ಹುಬ್ಬಿಗೆ ಮೆತ್ತಿತ್ತು. ಹಣೆಯಿಂದ ಇಳಿದ ರಕ್ತ ಅದರಲ್ಲಿ ಕಲೆತು ಕೆಂಪಗೆ ಗಂಟು ಕಟ್ಟಿತ್ತು. ಕೆಳಗೆ ಅವರ ಮಗಳು ಕೂತಿದ್ದಳು. ಎರಡು ವರ್ಷ ದಾಟಿದ್ದರೂ ಇನ್ನೂ ಎದ್ದು ನಿಲ್ಲದ ಕೂಸು. ಅಪ್ಪನ ಕಡೆಗೂ ಅವ್ವನ ಕಡೆಗೂ ನೋಡದೆ, ನೆಲಕ್ಕೆ ಉದುರಿದ ಹಿಟ್ಟಿಗೆ ಬೆರಳೊತ್ತಿ ಬಾಯಿಗಿಟ್ಟುಕೊಳ್ಳುತ್ತಿದ್ದಳು.

"ಪಾಕೀಟ ಒಡಿ ಅಂತ ಯಾರ ಹೇಳಿದ್ರು ನಿನಗ?" ಅವನು ಕೂಗುತ್ತಿರಲಿಲ್ಲ, ಹಲ್ಲು ಕಚ್ಚಿ ಕೇಳುತ್ತಿದ್ದ. "ಯಾರ ಹೇಳಿದ್ರು?"

ನಾನು ಒಳಗೆ ನುಗ್ಗಿ ಅವನ ತೋಳು ಹಿಡಿದೆ. ಅವನು ತಿರುಗಿ ನನ್ನ ಸೀರೆ, ಕೈಗಡಿಯಾರ, ಹೆಗಲ ಚೀಲ ನೋಡಿ ತುರುಬು ಬಿಟ್ಟ. "ಇದು ನಮ್ಮ ಮನಿ ಮಾತರಿ ಅಕ್ಕಾರ," ಎಂದು ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದ. ಮೂಲೆಯಲ್ಲಿ ಒಡೆಯದೆ ಉಳಿದಿದ್ದ ಪೊಟ್ಟಣಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೊರಗೆ ಹೋದ.

ನಾನು ಧಾರವಾಡದಲ್ಲಿ ಗೃಹವಿಜ್ಞಾನ ಓದಿ, ತೊಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಪುಣೆಗೆ ಬಂದವಳು. ನನ್ನವರು ಬೆಳಗಾವಿಯವರು, ಒಂದು ಕಂಪನಿಯಲ್ಲಿ ಗುಮಾಸ್ತರು. ಮಗ ಶಾಲೆಗೆ ಹೋಗತೊಡಗಿದ ಮೇಲೆ ಒಂದು ಚಿಕ್ಕ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಅದನ್ನು ನಡೆಸುತ್ತಿದ್ದವರು ನಿವೃತ್ತರಾದ ಮರಾಠಿ ವೈದ್ಯೆ. ಎಲ್ಲರೂ ಅವರನ್ನು ಡಾಕ್ಟರಬಾಯಿ ಅನ್ನುತ್ತಿದ್ದರು. ಕಟ್ಟಡದ ಕೂಲಿಯವರ ಮಕ್ಕಳಿಗೆ ಪುಷ್ಟಿಯ ಹಿಟ್ಟಿನ ಪೊಟ್ಟಣ ಹಂಚುವುದು ಸಂಸ್ಥೆಯ ಕೆಲಸ, ಆ ಮಕ್ಕಳು ಬೆಳೆಯುತ್ತಿದ್ದಾರೋ ಇಲ್ಲವೋ ನೋಡುವುದು ನನ್ನ ಕೆಲಸ. ಬಾಗಿಲ ತೊಲೆಗೆ ತಕ್ಕಡಿ ತೂಗುಹಾಕಿ, ಚಡ್ಡಿಯಂಥ ಜೋಳಿಗೆಯಲ್ಲಿ ಕೂಸನ್ನಿಟ್ಟು ಮುಳ್ಳು ನೋಡುತ್ತಿದ್ದೆ. ಆಮೇಲೆ ಮೇಲ್ದೋಳಿಗೆ ಮೂರು ಬಣ್ಣದ ಪಟ್ಟಿ ಸುತ್ತುತ್ತಿದ್ದೆ. ಹಸಿರು ಬಂದರೆ ಮಗು ಚೆನ್ನಾಗಿದೆ, ಹಳದಿ ಬಂದರೆ ಎಚ್ಚರಿಕೆ, ಕೆಂಪು ಬಂದರೆ ಜೀವಕ್ಕೆ ಅಪಾಯ. ಹೊಡೆಸಿಕೊಂಡವಳ ಮಗಳದು ಕೆಂಪು. ಹಸಿರಿನವರೆಗೆ ಸಡಿಲಿಸಿದರೆ ಪಟ್ಟಿಯೊಳಗೆ ಇನ್ನೊಂದು ಅಂಥ ತೋಳು ಹಿಡಿಸುವಂತಿತ್ತು.

ಆ ದಿನ ನನ್ನ ಜೊತೆ ಇದ್ದವರು ಬೆಂಗಳೂರಿನ ಅರ್ಥಶಾಸ್ತ್ರಜ್ಞರು. ನನಗಿಂತ ಚಿಕ್ಕವರು, ದಪ್ಪ ಕನ್ನಡಕದವರು. ಸಂಸ್ಥೆಗೆ ಹಣ ಕೊಡುತ್ತಿದ್ದವರು ಅವರನ್ನು ಕಳಿಸಿದ್ದರು. ಕೊಟ್ಟ ಹಣಕ್ಕೆ ಮಕ್ಕಳಲ್ಲಿ ಎಷ್ಟು ಬೆಳವಣಿಗೆ ಆಗಿದೆ, ಇದೇ ಹಣವನ್ನು ಬೇರೆ ರೀತಿ ಖರ್ಚು ಮಾಡಿದ್ದರೆ ಹೆಚ್ಚು ಆಗುತ್ತಿತ್ತೇ ಎಂದು ಅವರು ಹೇಳಬೇಕಿತ್ತು. ಜೋಪಡಿಯ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದವರು, ಆ ಹೆಂಗಸಿನ ಹಣೆಗೆ ನಾನು ಬಟ್ಟೆ ಒತ್ತುವಾಗ ಒಳಗೆ ಬಂದರು.

"ಪ್ಯಾಕೆಟ್ ಓಪನ್ ಮಾಡಿದ್ದಕ್ಕೆ ಯಾಕಮ್ಮಾ ಹೊಡೀತಾನೆ? ಅದು ಮಗೂಗೇ ಕೊಟ್ಟಿದ್ದಲ್ವಾ?"

ಅವಳು ಅವರ ಮಾತಿನ ಧಾಟಿಗೆ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಒಡದ್ರ ಗೋಠಾದಂವ ತಗೋಳೂದಿಲ್ರಿ ಅಕ್ಕಾರ."

ಗೋಠಾ ಎಂದರೆ ಎಮ್ಮೆಗಳ ಕೊಟ್ಟಿಗೆ. ಜೋಪಡಿಗಳಿಂದ ಕೂಗಳತೆಯ ದೂರದಲ್ಲಿ, ಇನ್ನೂ ಕಟ್ಟಡ ಏಳದ ಬಯಲಿನಲ್ಲಿ ಅದಿತ್ತು. ಆ ಮಧ್ಯಾಹ್ನವೇ ಇಬ್ಬರೂ ಅಲ್ಲಿಗೆ ಹೋದೆವು. ಬಾನಿಯಲ್ಲಿ ನೆನೆಸಿದ್ದು ನಮ್ಮ ಹಿಟ್ಟು. ಮಗ್ಗುಲಿಗೆ ಖಾಲಿ ಪೊಟ್ಟಣಗಳ ರಾಶಿ, ಒಂದೊಂದರ ಮೇಲೂ ನಗುವ ಕೂಸಿನ ಚಿತ್ರ. ಎಮ್ಮೆಗಳು ಮೂಗಿನವರೆಗೆ ಮುಳುಗಿಸಿ ಹೀರುತ್ತಿದ್ದವು. ಗೋಠಾದ ಯಜಮಾನ ಗಟ್ಟಿಮುಟ್ಟಾದ ಆಳು, ಹಣೆಗೆ ದೊಡ್ಡ ಕುಂಕುಮ. ನಮಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ. ಏನನ್ನೂ ಮುಚ್ಚಿಡಲಿಲ್ಲ.

"ನಾನು ಯಾರ ಮನೆಗೂ ಹೋಗಿ ಕಸಿದುಕೊಂಡಿಲ್ಲ," ಎಂದ ಮರಾಠಿಯಲ್ಲಿ. "ಗಂಡಸರು ತಾವಾಗಿ ತಂದು ಕೊಡುತ್ತಾರೆ, ದುಡ್ಡು ಹಿಡಿದು ಗುತ್ತಾಕ್ಕೆ ಹೋಗುತ್ತಾರೆ. ಇನ್ನು ಹಿಟ್ಟು ಅನ್ನುತ್ತೀರಾ, ಆ ಮಕ್ಕಳು ತಿಂದರೆ ನಾಳೆ ಭೇದಿ. ನನ್ನ ಎಮ್ಮೆ ತಿಂದರೆ ಹಾಲಾದರೂ ಬರುತ್ತದೆ."

ಗುತ್ತಾ ಎಂದರೆ ಸಾರಾಯಿ ಅಂಗಡಿ. ನಾನು ಚಹಾದ ಬಟ್ಟಲನ್ನು ಮುಟ್ಟದೆ ಎದ್ದೆ. ರಸ್ತೆಗೆ ಬಂದ ಮೇಲೆ ಬೆಂಗಳೂರಿನವರು ಹೇಳಿದರು: "ನಮ್ಮ ಪ್ರೋಗ್ರಾಂ ಪೇಪರ್ ಮೇಲೆ ತುಂಬಾ ಚೀಪು ಮೇಡಂ. ಒಂದು ಪ್ಯಾಕೆಟ್ ಒಂದು ಮನೆಗೆ ಮುಟ್ಟಿಸೋಕೆ ಎಷ್ಟು ಅಂತ ಕೇಳಿದ್ರೆ, ಇದಕ್ಕಿಂತ ಅಗ್ಗದ್ದು ಇಲ್ಲ. ಆದ್ರೆ ಒಂದು ಮಗು ದಪ್ಪ ಆಗೋಕೆ ಎಷ್ಟು ಅಂತ ಕೇಳಿದ್ರೆ? ಒಂದೂ ದಪ್ಪ ಆಗಿಲ್ವಲ್ಲ."

"ಮಕ್ಕಳ ಬಾಯಿಗೇ ಹಾಕಬೇಕ್ರಿ," ಎಂದೆ ನಾನು. "ಕಣ್ಮುಂದ ಕುಂದರಿಸಿ ಉಣಸಬೇಕು."

"ಅದಕ್ಕೆ ಜಾಸ್ತಿ ಖರ್ಚಾಗುತ್ತೆ."

"ಆಗ್ತದ. ಎಮ್ಮಿಗೆ ಹಾಕೂದಕ್ಕಿಂತ ಛಲೋ ಅಲ್ಲೇನ್ರಿ?"

ಡಾಕ್ಟರಬಾಯಿ ಒಪ್ಪಿದರು. ಪೊಟ್ಟಣ ನಿಂತಿತು. ಜೋಪಡಿಗಳ ತುದಿಯಲ್ಲಿ ಒಂದು ತಗಡಿನ ಮಾಡು ಎದ್ದಿತು, ಅದರಡಿ ಒಲೆ, ದೊಡ್ಡ ಪಾತೇಲಿ. ಅಡಿಗೆಗೆ ಯಾರು ಎಂದು ಕೇಳಿದಾಗ ಮುಂದೆ ಬಂದವಳು ಅದೇ ಹೆಂಗಸು. ಹಣೆಯ ಗಾಯಕ್ಕೆ ಇನ್ನೂ ಹಕ್ಕಳೆ ಇತ್ತು. ವಿಜಾಪುರದ ಕಡೆಯವಳು, ಮಾತು ಕಡಿಮೆ, ನೋಟ ನೇರ. ಅಕ್ಕಿ, ಹೆಸರುಬೇಳೆ, ಶೇಂಗಾ ಪುಡಿ, ಮೆಂತ್ಯೆ ಸೊಪ್ಪು, ಮೇಲೆ ಒಂದಿಷ್ಟು ಎಣ್ಣೆ ಹಾಕಿ ಕಿಚಡಿ ಮಾಡಬೇಕೆಂದು ನಾನು ತೋರಿಸಿಕೊಟ್ಟೆ. ಅವಳು ಮಾಡಿದಳು.

ಹಸಿದ ಮಕ್ಕಳು ತಟ್ಟೆಯ ಮುಂದೆ ಸಾಲಾಗಿ ಕೂತು ಕೈಮುಗಿದು ಉಣ್ಣುತ್ತವೆ ಎಂದು ನಾನು ಅಂದುಕೊಂಡಿದ್ದೆ. ಮೊದಲ ದಿನವೇ ಆ ಎಣಿಕೆ ಒಡೆಯಿತು. ದೊಡ್ಡವು ಸಣ್ಣವನ್ನು ಒದ್ದು ತಟ್ಟೆ ಕಸಿದುಕೊಂಡವು. ಸುಡುವ ಅನ್ನವನ್ನು ಬಾಯಿಗೆ ತುಂಬಿಕೊಂಡು ನಾಲಿಗೆ ಸುಟ್ಟು ಚೀರಿದವು, ಚೀರುತ್ತಲೇ ಮತ್ತೆ ತುಂಬಿಕೊಂಡವು. ಒಂದು ಮಗು ತನ್ನ ತಮ್ಮನ ಕುತ್ತಿಗೆ ಅಮುಕಿ, ಅವನ ಬಾಯೊಳಗೆ ಬೆರಳು ಹಾಕಿ ತುತ್ತು ಹೊರಗೆಳೆಯಿತು. ಅಡಿಗೆಯವಳು ಇಬ್ಬರಿಗೂ ಬೆನ್ನಿಗೆ ಗುದ್ದಿ ಬಿಡಿಸಿ, ನಡುವೆ ತಾನೇ ಕೂತಳು. "ನಾಳೆನೂ ಮಾಡ್ತೀನಿ, ನಾಡದೂ ಮಾಡ್ತೀನಿ," ಎಂದು ದಿನಾ ಹೇಳಬೇಕಾಯಿತು. ಮಕ್ಕಳು ಅದನ್ನು ನಂಬುವುದಕ್ಕೆ ಎಷ್ಟೋ ವಾರ ಹಿಡಿಯಿತು. ನಂಬಿದ ಮೇಲೆ ಒದೆಯುವುದು ಕಡಿಮೆಯಾಯಿತು.

ಅವಳಿಗೆ ಮನೆಯಲ್ಲಿ ಹೊಡೆತ ಹೆಚ್ಚಾಯಿತು. ಪೊಟ್ಟಣ ನಿಂತು ಗಂಡನ ಕುಡಿತಕ್ಕೆ ಕಲ್ಲು ಬಿದ್ದಿತ್ತು. ಒಂದು ಬೆಳಿಗ್ಗೆ ಮುಂದಿನ ಹಲ್ಲು ಕಳೆದುಕೊಂಡು, ತುಟಿ ಬದನೆಕಾಯಿಯಂತೆ ಊದಿಸಿಕೊಂಡು ಬಂದಳು. ಮನೆಗೆ ಹೋಗು ಎಂದೆ.

"ಮನಿಯಾಗ ಅದಾನ್ರಿ. ಅಲ್ಲಿ ಹೋಗಿ ಏನ ಮಾಡ್ಲಿ?" ಎಂದು ಒಲೆ ಹೊತ್ತಿಸಿದಳು. "ಬಾಯಿ ಬ್ಯಾನಿ ಐತಿ, ಕೈ ನೆಟ್ಟಗ ಅದಾವಲ್ಲ."

ಆ ಮಳೆಗಾಲ ಮುಗಿಯುವ ಹೊತ್ತಿಗೆ ತಕ್ಕಡಿಯ ಮುಳ್ಳು ಕದಲಿತು. ಅವಳ ಮಗಳ ತೋಳಿನಲ್ಲಿ ಪಟ್ಟಿ ಕೆಂಪು ದಾಟಿ ಹಳದಿಗೆ ಬಂತು. ಕೂಸು ಮಾಡಿನ ಕಂಬ ಹಿಡಿದು ಎದ್ದು ನಿಂತಿತು. ಬೆಂಗಳೂರಿನವರು ತಾವೇ ಹೆತ್ತವರಂತೆ ಅಲ್ಲೇ ಚಪ್ಪಾಳೆ ತಟ್ಟಿದರು. ಕಂಬ ಬಿಟ್ಟ ಕೂಸು ದೊಪ್ಪೆಂದು ಕೂತು ಅವರನ್ನು ದುರುಗುಟ್ಟಿ ನೋಡಿತು.

ಅದಾದ ಸ್ವಲ್ಪ ದಿನಕ್ಕೆ ಗೋಠಾದ ಕಡೆಯವರು ಬಂದರು. ನಡುಮಧ್ಯಾಹ್ನ, ಮಕ್ಕಳು ಉಣ್ಣಲು ಕೂತಿದ್ದವು. ಗೋಠಾದ ಇಬ್ಬರು ಆಳುಗಳು, ಕೈಯಲ್ಲಿ ಎಮ್ಮೆ ಹೊಡೆಯುವ ಬಡಿಗೆ. ಅವರ ಹಿಂದೆ ಅಡಿಗೆಯವಳ ಗಂಡ. ಯಜಮಾನ ಬರಲಿಲ್ಲ. ಬೈಗುಳವಿಲ್ಲ, ಬೆದರಿಕೆಯಿಲ್ಲ. ಬಂದವನೇ ಒಬ್ಬ ಮಾಡಿನ ಕಂಬಕ್ಕೆ ಒದ್ದ. ತಗಡು ಒಂದು ಕಡೆ ವಾಲಿ ಕಿರ್ರೆಂದು ಕಳಚಿಕೊಂಡಿತು. ಇನ್ನೊಬ್ಬ ಬಡಿಗೆಯನ್ನು ಪಾತೇಲಿಯ ಕಿವಿಗೆ ತೂರಿಸಿ ಎತ್ತಿ ಮಗುಚಿದ. ಕುದಿಯುವ ಕಿಚಡಿ ಅಡಿಗೆಯವಳ ಬಲಗಾಲಿನ ಮೇಲೆ, ಮೊಣಕಾಲಿಂದ ಹಿಮ್ಮಡಿಯವರೆಗೆ ಹರಿಯಿತು. ಅವಳು ಕೂಗಿದಂಥ ಕೂಗನ್ನು ನಾನು ಹೆರಿಗೆಯ ವಾರ್ಡಿನಲ್ಲಿ ಕೂಡ ಕೇಳಿರಲಿಲ್ಲ. ಸೀರೆ ಕಾಲಿಗೆ ಅಂಟಿತು. ಅವಳು ಅದನ್ನು ಕಿತ್ತಳು, ಬಟ್ಟೆಯ ಜೊತೆ ಚರ್ಮವೂ ಬಂತು.

ನಾನು ಅವಳ ಕಡೆಗೆ ಓಡಿದೆ. ಯಾರೋ ಹಿಂದಿನಿಂದ ಬೀಸಿದ ಬಡಿಗೆ ನನ್ನ ಎಡ ಹೆಗಲಿಗೆ ಬಿತ್ತು. ಕೊರಳ ಪಕ್ಕದ ಎಲುಬು ಮುರಿದದ್ದು ನನಗೆ ನೋವಿಗಿಂತ ಮೊದಲು ಕಿವಿಗೆ ಕೇಳಿಸಿತು, ಒಣ ಕಡ್ಡಿ ಮುರಿದ ಹಾಗೆ. ಮಣ್ಣಿಗೆ ಬಿದ್ದೆ. ಬಿದ್ದಲ್ಲಿಂದ ನನಗೆ ಕಂಡದ್ದು ಮಕ್ಕಳು. ಓಡಿಹೋಗಬೇಕಿದ್ದ ಮಕ್ಕಳು ಓಡಿರಲಿಲ್ಲ. ತುಳಿಯುವ ಕಾಲುಗಳ ನಡುವೆ ಕುಕ್ಕುರುಗಾಲಲ್ಲಿ ಕೂತು, ಮಣ್ಣಿಗೆ ಚೆಲ್ಲಿದ ಕಿಚಡಿಯನ್ನು ಬಳಿದು ಬಾಯಿಗೆ ಹಾಕಿಕೊಳ್ಳುತ್ತಿದ್ದವು. ಒಬ್ಬ ಆಳಿನ ಬೂಟು ಒಂದು ಕೈಯನ್ನು ತುಳಿಯಿತು. ಆ ಮಗು ಅತ್ತಿತು, ಇನ್ನೊಂದು ಕೈಯಿಂದ ತಿನ್ನುತ್ತಲೇ ಅತ್ತಿತು.

ಬೆಂಗಳೂರಿನವರು ಚಿಕ್ಕವೆರಡನ್ನು ಎರಡೂ ಕಂಕುಳಲ್ಲಿ ಎತ್ತಿಕೊಂಡು ನೀರಿನ ಟ್ಯಾಂಕಿನ ಹಿಂದೆ ಬಿಟ್ಟು ಮತ್ತೆ ಓಡಿಬಂದರು. ಅಡಿಗೆಯವಳ ಗಂಡ ಅವರ ಮುಖಕ್ಕೆ ಗುದ್ದಿದ. ಕನ್ನಡಕ ಒಡೆದು ಗಾಜು ಹುಬ್ಬಿಗೆ ಚುಚ್ಚಿತು. ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಅವರು ಮತ್ತೆರಡು ಮಕ್ಕಳನ್ನು ಎತ್ತಿಕೊಂಡರು.

ಅಷ್ಟರಲ್ಲಿ ಕಟ್ಟಡದಿಂದ ಹೆಂಗಸರು ಇಳಿದರು. ಮೇಲಿನ ಅಂತಸ್ತುಗಳಲ್ಲಿ ಗಾರೆ ಹೊರುತ್ತಿದ್ದ ತಾಯಂದಿರು, ಕೂಗು ಕೇಳಿ ಕಬ್ಬಿಣದ ಘಮೇಲಾ ಹಿಡಿದೇ ಬಂದಿದ್ದರು. ಆ ಬುಟ್ಟಿಗಳಲ್ಲಿ ಇನ್ನೂ ಹಸಿ ಗಾರೆ ಇತ್ತು. ಮೊದಲ ಹೆಂಗಸು ಗಾರೆಯನ್ನು ಒಬ್ಬ ಆಳಿನ ಕಣ್ಣಿಗೆ ಎರಚಿದಳು. ಅವನು ಕಣ್ಣು ಹಿಡಿದುಕೊಂಡು ಬಾಗಿದಾಗ ಎರಡನೆಯವಳು ಘಮೇಲಾದ ಅಂಚಿನಿಂದ ಅವನ ಕುತ್ತಿಗೆಗೆ ಹೊಡೆದಳು. ಇನ್ನೊಬ್ಬಳು ಸಲಿಕೆ ಬೀಸಿದಳು. ಅವನ ಮೊಣಕಾಲು ಹೋಗಬಾರದ ಕಡೆಗೆ ಮಡಚಿಕೊಂಡಿತು. ಅವರು ಬಯ್ಯಲಿಲ್ಲ, ಅಳಲಿಲ್ಲ. ಕೆಲಸ ಮಾಡುವ ಹಾಗೆ, ಸರದಿಯಲ್ಲಿ, ಉಸಿರು ಬಿಡುತ್ತಾ ಹೊಡೆದರು. ಇನ್ನೊಬ್ಬ ಆಳು ಬಡಿಗೆ ಎಸೆದು ಬಯಲಿಗೆ ಓಡಿದ, ಕಲ್ಲುಗಳು ಅವನ ಬೆನ್ನಟ್ಟಿದವು.

ಮಣ್ಣಲ್ಲಿ ಬಿದ್ದುಕೊಂಡು ನೋಡುತ್ತಿದ್ದ ನನಗೆ ಒಳಗೆ ಏನೋ ಬೆಚ್ಚಗೆ ಏಳುತ್ತಿತ್ತು. ಹೊಡೀರಿ, ಇನ್ನೂ ಹೊಡೀರಿ ಅಂತ ಮನಸ್ಸು ಹೇಳುತ್ತಿತ್ತು. ಹುಟ್ಟಿದಾಗಿನಿಂದ ಇರುವೆ ಸಾಲನ್ನು ಕೂಡ ತುಳಿಯದೆ ದಾಟಿಕೊಂಡು ನಡೆದ ಮನೆಯವಳು ನಾನು.

ಅಡಿಗೆಯವಳು ತನ್ನ ಗಂಡನನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಆ ಬೆಂದ ಕಾಲಿನಲ್ಲಿ ಹೇಗೆ ನಡೆದಳೋ ಕಾಣೆ, ಅವನನ್ನು ಕೆಡವಿ ಎದೆಯ ಮೇಲೆ ಕೂತು, ಕಿಚಡಿ ತಿರುವುವ ಉದ್ದ ಸವಟಿನಿಂದ ಮುಖಕ್ಕೆ ಬಾರಿಸುತ್ತಿದ್ದಳು. ಅವನು ಮೊದಲು ಬಯ್ದ, ಆಮೇಲೆ ಬೇಡಿಕೊಂಡ, ಆಮೇಲೆ ಗುಳುಗುಳು ಎಂಬ ಸದ್ದಷ್ಟೇ ಬಂತು. ಎಡಗಣ್ಣಿದ್ದ ಜಾಗ ಕಾಣುತ್ತಿರಲಿಲ್ಲ.

"ಬಿಡಮ್ಮಾ, ಸತ್ತುಹೋಗ್ತಾನೆ," ಎಂದು ಬೆಂಗಳೂರಿನವರು ಅವಳ ಕೈ ಹಿಡಿಯಲು ನೋಡಿದರು. ಅವಳು ಕೊಡವಿದ ರಭಸಕ್ಕೆ ಹಿಂದೆ ಬಿದ್ದರು.

"ಸಾಯ್ಲಿ ಬಿಡ್ರಿ."

ನಾನು ತೆವಳುತ್ತಾ ಹೋಗಿ, ಆಡುವ ಕೈಯಿಂದ ಸವಟಿನ ಹಿಡಿ ಹಿಡಿದೆ. "ತಂಗಿ," ಎಂದೆ, "ನೀ ಜೇಲಿಗೆ ಹೋದ್ರ ನಾಳೆ ಯಾರ ಮಾಡ್ತಾರ? ನಾಳೆನೂ ಮಾಡ್ತೀನಿ ಅಂತ ದಿನಾ ಹೇಳಿದ್ದಿ ಅವಕ್ಕ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಮಕ್ಕಳ ಕಡೆ ನೋಡಿದಳು. ಸವಟನ್ನು ಬಿಡಲಿಲ್ಲ, ಆದರೆ ಕೈ ಇಳಿಯಿತು. ಎದ್ದು ನಿಲ್ಲಲು ಹೋಗಿ ಅಲ್ಲೇ ಪ್ರಜ್ಞೆ ತಪ್ಪಿದಳು.

ಆಸ್ಪತ್ರೆಯಲ್ಲಿ ನನ್ನವರು ನನ್ನ ಮಗ್ಗುಲಿಗೆ ಕೂತು, ಕಟ್ಟು ಹಾಕಿದ ಹೆಗಲನ್ನೇ ನೋಡುತ್ತಿದ್ದರು. "ಇನ್ನ ಸಾಕು ಮಾಡು," ಎಂದರು. "ಹುಡುಗ್ರಿಗೆ ಅನ್ನಾ ಹಾಕ್ಲಿಕ್ಕೆ ಹೋಗಿ ಯಾರರ ಎಲುಬು ಮುರಕೋತಾರೇನು?"

"ನಾ ಹೋಗದಿದ್ರ ಮುರೀಯೂದು ನಿಲ್ತದೇನ್ರಿ? ಬ್ಯಾರೆಯವರದು ಮುರೀತದ."

ಅವರು ಎದ್ದರು. ಕೆಳಗೆ ಹೋಗಿ, ಹೆಂಗಸರ ವಾರ್ಡಿನಲ್ಲಿದ್ದ ಅಡಿಗೆಯವಳಿಗೆ ಎಳನೀರು ಕೊಟ್ಟು ಬಂದರು. ಅವಳ ಕಾಲನ್ನು ನೋಡಿ ಬಂದ ಮೇಲೆ ಮತ್ತೆ ಆ ಮಾತೆತ್ತಲಿಲ್ಲ.

ಪೊಲೀಸರು ಎರಡೂ ಕಡೆಯವರ ಮೇಲೆ ಕೇಸು ಹಾಕಿದರು. ಗಂಡನ ಕಣ್ಣು ಹೋಯಿತು. ಮೊಣಕಾಲಿಗೆ ಏಟು ಬಿದ್ದ ಆಳು ಕುಂಟನಾದ. ಗೋಠಾದ ಯಜಮಾನ ತನಗೇನೂ ಗೊತ್ತಿಲ್ಲ ಎಂದ, ಅವನನ್ನು ಯಾರೂ ಮುಟ್ಟಲಿಲ್ಲ.

ಹಣ ಕೊಡುತ್ತಿದ್ದವರ ಕಡೆಯಿಂದ ಇಬ್ಬರು ಸಂಸ್ಥೆಯ ಕಚೇರಿಗೆ ಬಂದದ್ದು ಆಮೇಲೆ. ಒಬ್ಬರು ವಯಸ್ಸಾದ ಗಂಡಸು, ಇನ್ನೊಬ್ಬರು ನನ್ನ ವಯಸ್ಸಿನ ಹೆಂಗಸು. ಕೆಟ್ಟವರೇನಲ್ಲ. ನನ್ನ ಹೆಗಲಿನ ಬಗ್ಗೆ ನಿಜವಾದ ಕಾಳಜಿಯಿಂದ ಕೇಳಿದರು. ಆಮೇಲೆ ಆ ಹೆಂಗಸು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಇರುವ ಹಣ ಸ್ವಲ್ಪ, ಹಸಿದ ಮಕ್ಕಳು ಬಹಳ. ಅಡಿಗೆಮನೆ ನಡೆಸುವ ಖರ್ಚಿನಲ್ಲಿ ಎಷ್ಟೋ ಪಟ್ಟು ಹೆಚ್ಚು ಮಕ್ಕಳಿಗೆ ಪೊಟ್ಟಣ ಮುಟ್ಟಿಸಬಹುದು. ಈಗ ಕಾವಲಿನವರ ಖರ್ಚು, ಆಸ್ಪತ್ರೆಯ ಖರ್ಚು ಬೇರೆ. ಕೊಂಢವಾದ ಕೆಲವು ಮಕ್ಕಳಿಗೋಸ್ಕರ ಬೇರೆ ಕಡೆಯ ಎಷ್ಟೋ ಮಕ್ಕಳನ್ನು ಬಿಟ್ಟುಬಿಡುವುದು ನ್ಯಾಯವೇ?

ನನಗೆ ಸಿಟ್ಟು ಬಂತು. ಆದರೆ ಅವರ ಪ್ರಶ್ನೆ ಸುಳ್ಳಾಗಿರಲಿಲ್ಲ. ಬೇರೆ ಕಡೆಯ ಮಕ್ಕಳೂ ಮಕ್ಕಳೇ. ಬೆಂಗಳೂರಿನವರು ಹುಬ್ಬಿನ ಮೇಲೆ ಹೊಲಿಗೆ, ಮೂಗಿನ ಮೇಲೆ ಹೊಸ ಕನ್ನಡಕ ಇಟ್ಟುಕೊಂಡು ಎದ್ದರು.

"ಆಸ್ಪತ್ರೆ ಖರ್ಚು ನಾನೂ ಸೇರಿಸಿದ್ದೀನಿ," ಎಂದು ನನ್ನ ಕಡೆ ತಿರುಗಿ ಕನ್ನಡದಲ್ಲೇ ಶುರುಮಾಡಿ, ಆಮೇಲೆ ಅವರಿಗಾಗಿ ಇಂಗ್ಲಿಷಿಗೆ ಹೊರಳಿದರು. ಅಡಿಗೆಮನೆ ಮುರಿದದ್ದು, ಎಲುಬು ಮುರಿದದ್ದು, ಕಾಲು ಸುಟ್ಟದ್ದು ಎಲ್ಲ ಖರ್ಚೇ, ಹೌದು. ಹಾಗೆ ನೋಡಿದರೆ ಪೊಟ್ಟಣದ ಲೆಕ್ಕಕ್ಕೂ ಹೊಡೆತ ಸೇರಿಸಬೇಕು. ಒಂದೊಂದು ಪೊಟ್ಟಣಕ್ಕೂ ಒಂದೊಂದು ಮನೆಯಲ್ಲಿ ಒಬ್ಬಳು ಹೆಂಗಸು ಏಟು ತಿಂದಿದ್ದಾಳೆ. ಆ ಏಟಿನ ಖರ್ಚನ್ನು ಅವಳೇ ಭರಿಸಿದಳು, ಅದಕ್ಕೇ ನಮ್ಮ ಕಾಗದದಲ್ಲಿ ಅದು ಕಾಣಲಿಲ್ಲ, ಅದಕ್ಕೇ ಅದು ಅಗ್ಗ ಅನ್ನಿಸಿತು. ಇಷ್ಟಾಗಿಯೂ ಮಕ್ಕಳು ಬೆಳೆಯಲಿಲ್ಲ. ಅಡಿಗೆಮನೆ ದುಬಾರಿ, ಆದರೆ ಅಲ್ಲಿ ಉಂಡವು ಬೆಳೆದಿವೆ. ಏನೂ ಕೊಡದಿರುವುದು ಇನ್ನೂ ಅಗ್ಗ. ಹಾಗಂತ ಅದನ್ನು ಯಾರೂ ಒಳ್ಳೆಯ ಕಾರ್ಯಕ್ರಮ ಅನ್ನುವುದಿಲ್ಲ.

ಕೊನೆಗೆ ಆ ಹೆಂಗಸು, ಆ ಕಟ್ಟಡ ಮುಗಿಯುವ ತನಕ ನಡೆಸಿ ಎಂದರು. ಒಂದು ಷರತ್ತು: ಅಡಿಗೆಮನೆ ಯಾರೂ ನುಗ್ಗಲಾಗದ ಜಾಗದಲ್ಲಿರಬೇಕು.

ಅಂಥ ಜಾಗ ಒಂದೇ ಇತ್ತು, ಏಳುತ್ತಿದ್ದ ಕಟ್ಟಡದ ನೆಲಮಾಳಿಗೆ. ಕಟ್ಟಡ ಮುಗಿದ ಮೇಲೆ ಕಾರು ನಿಲ್ಲಿಸುವ ಜಾಗ. ಡಾಕ್ಟರಬಾಯಿ ಹೋಗಿ ಕೇಳಿದಾಗ ಕೆಲಸದ ಉಸ್ತುವಾರಿಯವನು ನಕ್ಕ. ಫ್ಲ್ಯಾಟ್ ಕೊಳ್ಳುವವರು ಬಂದು ನೋಡುವ ಜಾಗದಲ್ಲಿ ಕೂಲಿ ಮಕ್ಕಳ ಪಂಗತಿಯೇ ಎಂದ.

ಗಾರೆ ಹೊರುವ ಹೆಂಗಸರು ಕಾದರು. ಸ್ಲ್ಯಾಬ್ ಹಾಕುವ ದಿನ ಬಂತು. ಸ್ಲ್ಯಾಬಿನ ಕೆಲಸ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ಅರ್ಧ ಹಾಕಿದ ಕಾಂಕ್ರೀಟ್ ಒಣಗಿದರೆ ಅಂತಸ್ತೇ ಕೆಟ್ಟೀತು. ಅರ್ಧ ಹಾಕಿದ್ದರು, ಬಿಸಿಲು ಏರುತ್ತಿತ್ತು, ಆಗ ಸಾಲಿನಲ್ಲಿ ನಿಂತಿದ್ದ ಎಲ್ಲ ಹೆಂಗಸರೂ ಘಮೇಲಾ ಕೆಳಗಿಟ್ಟರು. ಕೈಯಲ್ಲಿ ಕೋಲೂರಿಕೊಂಡು ಅಡಿಗೆಯವಳೂ ಅಲ್ಲಿಗೆ ಬಂದಿದ್ದಳು. ಉಸ್ತುವಾರಿಯವನು ಮುಂದಿದ್ದವಳ ಕಪಾಳಕ್ಕೆ ಹೊಡೆದ. ಅವಳು ಕದಲಲಿಲ್ಲ. ಅವನು ಮತ್ತೆ ಕೈ ಎತ್ತಿದಾಗ, ಹಿಂದೆ ನಿಂತವಳು ಅವನ ಮಣಿಕಟ್ಟು ಹಿಡಿದು ಹಿಂದಕ್ಕೆ ತಿರುವಿದಳು. ಲಟ್ ಎಂದಿತು.

"ಕಾಂಕ್ರೀಟ್ ಒಣಗಾಕತ್ತೈತಿ," ಎಂದಳು ಅಡಿಗೆಯವಳು ಕೆಳಗಿನಿಂದ. "ನಮ್ಮ ಮಕ್ಕಳಿಗೆ ಕೆಳಗ ಜಾಗಾ ಕೊಡ್ತೀರೋ ಇಲ್ಲೋ, ಲಗೂನ ಹೇಳ್ರಿ."

ಜಾಗ ಸಿಕ್ಕಿತು. ಉಸ್ತುವಾರಿಯವನು ಕೈಗೆ ಕಟ್ಟು ಹಾಕಿಸಿಕೊಂಡು ಬಂದು, ಮಾರನೆಯ ದಿನ ಬೆಳಿಗ್ಗೆ ತಾನೇ ಬೀಗ ತೆಗೆದುಕೊಟ್ಟ.

ನೆಲಮಾಳಿಗೆಯಲ್ಲಿ ಹೊಗೆ ಸುತ್ತುತ್ತಿತ್ತು, ಮಕ್ಕಳ ಗಲಾಟೆ ಕಂಬದಿಂದ ಕಂಬಕ್ಕೆ ಬಡಿದು ಹತ್ತು ಪಟ್ಟಾಗಿ ಕೇಳುತ್ತಿತ್ತು. ಆದರೂ ಅಡಿಗೆ ಒಂದು ದಿನವೂ ನಿಲ್ಲಲಿಲ್ಲ. ಕೆಂಪು ಪಟ್ಟಿಯ ಮಕ್ಕಳು ಹಳದಿಗೆ ಬಂದವು, ಹಳದಿಯವು ಹಸಿರಿಗೆ. ಎಲ್ಲವೂ ಅಲ್ಲ. ಒಂದು ಗಂಡುಕೂಸು ದಿನಾ ಉಂಡರೂ ತೀರಿಕೊಂಡಿತು. ಅದಕ್ಕೆ ಕ್ಷಯವಿತ್ತೆಂದು ನಮಗೆ ತಿಳಿದದ್ದು ತಡವಾಗಿ. ಅದರ ಅಪ್ಪ ನೆಲಮಾಳಿಗೆಯ ಕಂಬಕ್ಕೆ ತನ್ನ ತಲೆಯನ್ನೇ ಬಡಿದುಕೊಂಡ. ನಾಲ್ವರು ಹಿಡಿಯಬೇಕಾಯಿತು.

ಅಡಿಗೆಯವಳ ಗಂಡ ಆಸ್ಪತ್ರೆಯಿಂದ ಬಂದ ಮೇಲೆ ಬಹಳ ದಿನ ಎಲ್ಲೋ ಇದ್ದು, ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ನೆಲಮಾಳಿಗೆಗೆ ಬಂದ. ಒಂಟಿ ಕಣ್ಣು, ಕುಡಿದ ವಾಸನೆ. ಮಕ್ಕಳು ಉಣ್ಣುತ್ತಿದ್ದವು. ಕಾವಲಿನವನು ನೀರು ತರಲು ಹೋಗಿದ್ದ. ಅಡಿಗೆಯವಳು ಬಡಿಸುತ್ತಾ ಬಗ್ಗಿದ್ದಳು. ಅವನು ಹಿಂದಿನಿಂದ ತುರುಬಿಗೆ ಕೈ ಹಾಕಿ ಹಿಂದಕ್ಕೆಳೆದ. ನಾನು ಸಾಲಿನ ಆ ತುದಿಯಲ್ಲಿದ್ದೆ, ಓಡಿದೆ. ನನಗಿಂತ ಮೊದಲು ಮುಟ್ಟಿದವಳು ಅವರ ಮಗಳು. ತಟ್ಟೆ ಬಿಟ್ಟು ಎದ್ದು, ಆ ಗುಂಡನೆಯ ಕಾಲುಗಳಲ್ಲಿ ದಡದಡ ಓಡಿ, ಅಪ್ಪನ ಮೀನಗಂಡಕ್ಕೆ ಬಾಯಿ ಹಾಕಿ ಕಚ್ಚಿದಳು. ಅವನು ಕಿರುಚಿ ತುರುಬು ಬಿಟ್ಟ. ಕಾಲು ಝಾಡಿಸಿದ. ಅವಳು ಬಿಡಲಿಲ್ಲ, ಅವನ ಕಾಲಿಗೆ ಜೋತುಬಿದ್ದು, ಕಣ್ಣು ಮುಚ್ಚಿ, ಮೂಗಿನಲ್ಲಿ ಉಸಿರಾಡುತ್ತಾ ಹಲ್ಲು ಇನ್ನೂ ಆಳಕ್ಕೆ ಇಳಿಸಿದಳು. ನಾನು ಅವಳ ಗಲ್ಲ ಒತ್ತಿ ಬಿಡಿಸಬೇಕಾಯಿತು. ಬಾಯಿ ತುಂಬ ರಕ್ತ. ಅವನು ತನ್ನ ಕಾಲನ್ನೂ ಮಗಳನ್ನೂ ನೋಡಿದ. ನಿಲ್ಲಲೂ ಆಗದೆ ಹಿಟ್ಟು ನೆಕ್ಕುತ್ತಿದ್ದ ಕೂಸು ಇದೇನಾ ಎಂಬಂತೆ ನೋಡಿದ. ಕುಂಟುತ್ತಾ ಇಳಿಜಾರು ಹತ್ತಿ ಹೋದವನು ಆ ಕಡೆಗೆ ಮತ್ತೆ ಬರಲಿಲ್ಲ.

ಅಡಿಗೆಯವಳು ಮಗಳ ಬಾಯಿ ತೊಳೆದು, ತಟ್ಟೆಯ ಮುಂದೆ ಕೂಡಿಸಿ, ಇನ್ನೊಂದು ಸವಟು ಹಾಕಿದಳು.

ಕಟ್ಟಡ ಮುಗಿಯಿತು. ಬಣ್ಣ ಬಳಿದರು, ನೆಲಮಾಳಿಗೆಯ ಹೊಗೆ ಹತ್ತಿದ ಗೋಡೆಗೂ ಬಳಿದರು. ಕೂಲಿಯವರು ಬೇರೆ ಬೇರೆ ಕೆಲಸಗಳಿಗೆ ಚದುರಿದರು. ಬೆಂಗಳೂರಿನವರ ವರದಿ ಅಡಿಗೆಮನೆಯ ಪರವಾಗಿತ್ತು. ಹಣ ಕೊಡುವವರು ಅದನ್ನು ಮೆಚ್ಚಿಕೊಂಡರು, ಬೇರೆ ಎರಡು ಕಡೆ ಅಡಿಗೆಮನೆಗೆ ಹಣ ಕೊಟ್ಟರು. ಉಳಿದ ಕಡೆಗಳಲ್ಲಿ ಪೊಟ್ಟಣವೇ ಮುಂದುವರಿಯಿತು. ಅಷ್ಟೂ ಕಡೆ ಒಲೆ ಹಚ್ಚುವ ಹಣ ಅವರಲ್ಲಿ ಇರಲಿಲ್ಲ. ಪೊಟ್ಟಣದ ಬಾಯನ್ನು ತಾಯಂದಿರ ಎದುರೇ ಕತ್ತರಿಸಿ ಕೊಡಬೇಕೆಂಬ ಹೊಸ ನಿಯಮ ಮಾತ್ರ ಬಂತು. ಅದರಿಂದ ಎಷ್ಟು ಹೆಂಗಸರ ಹಣೆ ಉಳಿಯಿತೋ, ಎಷ್ಟು ಹಣೆಗೆ ಹೊಸ ಪೆಟ್ಟು ಬಿತ್ತೋ, ನೋಡಲು ಯಾರೂ ಹೋಗಲಿಲ್ಲ.

ಏಳೆಂಟು ವರ್ಷ ಕಳೆದು ಪುಣೆಯದೇ ಮಗರಪಟ್ಟಾ ಬಡಾವಣೆಯ ಹೊರಗಿನ ಕೂಲಿ ಕ್ಯಾಂಪಿನಲ್ಲಿ ಅಡಿಗೆಯವಳನ್ನು ಕಂಡೆ. ಗುತ್ತಿಗೆದಾರನೊಬ್ಬ ಕೂಲಿಯವರ ಮಕ್ಕಳಿಗೆಂದು ನಡೆಸುತ್ತಿದ್ದ ಕೋಣೆಯಲ್ಲಿ ಅಡಿಗೆ ಮಾಡುತ್ತಿದ್ದಳು. ಕಾಲಿನ ಚರ್ಮ ಸುಟ್ಟ ಹಪ್ಪಳದಂತೆ ಸುಕ್ಕಾಗಿತ್ತು. ನನ್ನನ್ನು ಕೂಡಿಸಿ, ನೀರು ಕೊಟ್ಟು, ಮಗಳನ್ನು ಕರೆದಳು. ಎರಡು ಜಡೆ, ಮಹಾನಗರಪಾಲಿಕೆ ಶಾಲೆಯ ಸಮವಸ್ತ್ರ, ಅವ್ವನ ಹೆಗಲೆತ್ತರ.

"ಸಾಲ್ಯಾಗ ಹುಡುಗುರನ್ನ ಹೊಡಿತಾಳಂತರಿ," ಎಂದಳು. "ಮೊನ್ನೆ ಒಬ್ಬನ ಮೂಗ ಒಡದಾಳ. ಮಾಸ್ತರ ಕರಸಿದ್ರು. ನೀವರ ಒಂದ ಮಾತ ಹೇಳ್ರಿ ಅಕ್ಕಾರ. ನಾ ಹೇಳಿದ್ರ ಕೇಳೂದಿಲ್ಲ."

ನಾನು ಹುಡುಗಿಯ ಕೈ ಹಿಡಿದೆ. ದಪ್ಪನೆಯ, ಬಿಸಿ ಕೈ. "ಹೊಡೀಬಾರದವ್ವಾ," ಎಂದೆ. "ಯಾರರ ತ್ರಾಸ ಕೊಟ್ರ ಮಾಸ್ತರಿಗೆ ಹೇಳು."

"ಹೇಳಿದ್ದೆನ್ರಿ," ಎಂದಳು ಅವಳು ಗಂಭೀರವಾಗಿ. "ಮಾಸ್ತರ ಏನೂ ಮಾಡ್ಲಿಲ್ಲ. ಅಂವ ನನ್ನ ಗೆಳತಿ ಡಬ್ಬಿ ದಿನಾ ಕಸಗೊಂಡು ತಿಂತಿದ್ದ. ಈಗ ತಿನ್ನೂದಿಲ್ಲ."

ಅವಳ ಅವ್ವ ಒಲೆಯ ಕಡೆ ತಿರುಗಿ ಸವಟು ಆಡಿಸತೊಡಗಿದಳು. ನಾನು ಆ ಹುಡುಗಿಯ ಕೈಯನ್ನು ಬಿಡದೆ ಕೂತಿದ್ದೆ. ಹೊರಗೆ ಮಕ್ಕಳು ತಟ್ಟೆ ಬಡಿಯುತ್ತಿದ್ದವು. ಹುಡುಗಿ ಮೆಲ್ಲಗೆ ಕೈ ಬಿಡಿಸಿಕೊಂಡು, ಅವಕ್ಕೆ ಬಡಿಸಲು ಎದ್ದು ಹೋದಳು.